ಕಿಂಡಿಯಾಚೆಯ ಕಿವಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈಗ ಯಾರಿಗೂ ನಷ್ಟವಿಲ್ಲ. ಅವರ ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು, ಪಿಂಚಣಿ ಕೊಡುತ್ತಿದ್ದ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿತು, ಹೋದ ತಿಂಗಳು ಅವರೂ ಹೋದರು. ಆದರೆ ಒಂದು ಕಾಲಕ್ಕೆ "ನನ್ನ ಹೆಸರು ಎಲ್ಲೂ ಬರಕೂಡ್ದು" ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದರು. ಎಷ್ಟು ವರ್ಷದವರೆಗೆ ಎಂದು ನಾನು ಆಗ ಕೇಳಲಿಲ್ಲ. ಕೇಳದ್ದು ನನ್ನ ತಪ್ಪು, ಆದ್ದರಿಂದ ಪಾಲಿಸುತ್ತಿದ್ದೇನೆ.

ಸುದ್ದಿ ತಂದವನು ಅವರ ತಮ್ಮನ ಮಗ. ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು, "ಪಾಪ, ಅತ್ತೆಗೆ ಓದುಬರಹ ಅಷ್ಟಕ್ಕಷ್ಟೆ. ಜೀವಮಾನ ಎಲ್ಲ ಒಲೆ ಮುಂದೇ ಕಳೆದ್ರು" ಅಂದ. ನನಗೆ ಮೈ ಉರಿಯಿತು. ನಾನು ತಂತಿ ಇಲಾಖೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವನು. ತಂತಿ ಕಳಿಸಿ ತೆಗೆದುಕೊಳ್ಳುವ ಹೆಸರಾಂತ ಸಿಗ್ನಲರುಗಳ ಪಕ್ಕದಲ್ಲಿ ಕೂತು ಕೆಲಸ ಮಾಡಿದ್ದೇನೆ. ಆ ಹೆಂಗಸಿನಷ್ಟು ಚೊಕ್ಕ ಕಿವಿ ಇನ್ನೊಂದನ್ನು ಕಾಣಲಿಲ್ಲ. ಇದನ್ನು ಆ ಹುಡುಗನಿಗೆ ಹೇಳಲು ಹೋದರೆ ಮುದುಕನಿಗೆ ಅರಳುಮರಳು ಅಂದುಕೊಂಡಾನು ಎಂದು ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ಕೊಟ್ಟಿಗೆಹಾರದಿಂದ ಬಾಳೂರಿನ ದಿಕ್ಕಿಗೆ ಒಳಸರಿದರೆ ಸಿಗುವ ಒಂದು ಸಣ್ಣ ಊರಿನಲ್ಲಿ ಪೋಸ್ಟಾಫೀಸು ಇತ್ತು. ಸುತ್ತಲಿನ ಎಸ್ಟೇಟುಗಳ ದೊರೆಗಳ ದೆಸೆಯಿಂದ ಅದಕ್ಕೆ ತಂತಿಯ ಸಂಪರ್ಕವೂ ಸಿಕ್ಕಿತ್ತು. ಅಲ್ಲಿಗೆ ನನ್ನನ್ನು ಗುಮಾಸ್ತನಾಗಿ ಹಾಕಿದರು. ಹಾಕಿದರು ಅನ್ನುವುದಕ್ಕಿಂತ ಎಸೆದರು ಅನ್ನಬೇಕು. ತಂತಿಯ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯ ಸಲವೂ ಹೋದರೆ ಮನೆಗೆ ನಡೆ ಎಂದು ಮೇಲಿನವರು ಹೇಳಿ ಕಳಿಸಿದ್ದರು.

ತಂತಿಯಲ್ಲಿ ಬರುವುದು ಅಕ್ಷರವಲ್ಲ, ಬರೀ ಬಡಿತ. ಮೇಜಿನ ಮೇಲಿನ ಯಂತ್ರದಲ್ಲಿ ಹಿತ್ತಾಳೆಯ ಒಂದು ನಾಲಿಗೆ ಕೆಳಕ್ಕೆ ಬಡಿದು ಮತ್ತೆ ಮೇಲಕ್ಕೆ ಬಡಿಯುತ್ತದೆ. ಎರಡು ಬಡಿತದ ನಡುವಿನ ಬಿಡುವು ಚಿಕ್ಕದಾದರೆ ಚುಕ್ಕೆ, ಉದ್ದವಾದರೆ ಗೆರೆ. ಚುಕ್ಕೆ ಗೆರೆ ಸೇರಿ ಒಂದೊಂದು ಇಂಗ್ಲಿಷ್ ಅಕ್ಷರ. ಪುಸ್ತಕ ನೋಡಿ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಕಾಗದದ ಮೇಲೆ ನಾನು ಗಟ್ಟಿಗ. ಯಂತ್ರ ಬಡಿಯಲು ಶುರುವಾದರೆ ಮಾತ್ರ ಚುಕ್ಕೆ ಒಂದು, ಗೆರೆ ಒಂದು, ಚುಕ್ಕೆ ಎರಡು ಎಂದು ಎಣಿಸುತ್ತ ಕೂರುತ್ತಿದ್ದೆ. ನಾನು ಒಂದು ಅಕ್ಷರ ಎಣಿಸಿ ಮುಗಿಸುವಷ್ಟರಲ್ಲಿ ಆ ಕಡೆಯವನು ನಾಲ್ಕು ಅಕ್ಷರ ದಾಟಿ ಹೋಗಿರುತ್ತಿದ್ದ.

ಪೋಸ್ಟ್ ಮಾಸ್ತರು ಸಾಧು ಮನುಷ್ಯ. ಮಾತು ಕಡಿಮೆ, ಮುಖದ ತುಂಬ ಒಂದು ನಗು. ನಾನು ಏನು ಕೇಳಿದರೂ ತಲೆ ಆಡಿಸುತ್ತಿದ್ದರು. ಅವರದೊಂದು ಚಾಳಿ ಮಾತ್ರ ನನಗೆ ವಿಚಿತ್ರವಾಗಿ ಕಂಡಿತು. ಕಚೇರಿಯ ಹಿಂದೆಯೇ ಅವರ ಮನೆ, ನಡುವೆ ಹಲಗೆಯ ಗೋಡೆ. ತಂತಿ ಮೇಜಿನ ಪಕ್ಕ ಆ ಗೋಡೆಯಲ್ಲಿ ಒಂದು ಕಿಂಡಿ, ಅದರಾಚೆ ಅಡಿಗೆಮನೆ. ಆ ಕಿಂಡಿಯಿಂದ ಗಳಿಗೆಗೊಮ್ಮೆ ಕಾಫಿಯ ಲೋಟ ಬರುತ್ತಿತ್ತು. ಬರೀ ಲೋಟವಲ್ಲ, ತಟ್ಟೆಯ ಬದಲು ಒಂದು ಸ್ಲೇಟಿನ ಮೇಲೆ ಇಟ್ಟ ಲೋಟ. ಒಬ್ಬ ಮನುಷ್ಯ ದಿನಕ್ಕೆ ಇಷ್ಟೊಂದು ಕಾಫಿ ಕುಡಿದು ಹೇಗೆ ಬದುಕಿದ್ದಾನೆ ಎಂದು ನಾನು ಬೆರಗಾಗಿದ್ದೆ.

ಒಂದು ಬೆಳಿಗ್ಗೆ ಮಾಸ್ತರು ಎದ್ದು ಹಿತ್ತಿಲಿಗೆ ಹೋಗಿದ್ದರು. ಯಂತ್ರ ಬಡಿದು ನಿಂತಿತು. ಕಿಂಡಿಯಿಂದ ಸ್ಲೇಟು ಬಂತು. ನಾನೇ ಕೈ ಚಾಚಿ ತೆಗೆದುಕೊಂಡೆ. ಲೋಟ ಖಾಲಿಯಿತ್ತು. ಅದನ್ನೆತ್ತಿ ನೋಡಿದರೆ ಸ್ಲೇಟಿನ ಮೇಲೆ ಬಳಪದಲ್ಲಿ, ರಂಗೋಲಿ ಬಿಡಿಸಿದ ಹಾಗೆ ದುಂಡು ದುಂಡಾದ ದೊಡ್ಡ ಇಂಗ್ಲಿಷ್ ಅಕ್ಷರಗಳು. ಪದ ಬಿಡಿಸದೆ ಒಂದೇ ಸಮ ಬರೆದಿತ್ತು. ಅದು ಪಕ್ಕದ ಎಸ್ಟೇಟಿನ ದೊರೆಗೆ ಆಗ ತಾನೇ ಬಂದ ತಂತಿ.

"ಅವರಲ್ವಾ ಅಲ್ಲಿ?" ಎಂದು ಕಿಂಡಿಯಾಚೆಯಿಂದ ದನಿ ಬಂತು.

"ಅಲ್ಲಮ್ಮ, ನಾನು."

ಬಳೆಯ ಸದ್ದು ಕಿಂಡಿಗೆ ಹತ್ತಿರವಾಯಿತು. ಆಮೇಲೆ, "ಓದಿದ್ರಾ?"

"ಓದಿದೆ."

"ಸರಿಯಾಗಿದೆಯಾ?"

ಅಳುತ್ತಾರೆ, ಇಲ್ಲವೇ ಯಾರಿಗೂ ಹೇಳಬೇಡಿ ಎಂದು ಅಂಗಲಾಚುತ್ತಾರೆ ಅಂದುಕೊಂಡಿದ್ದೆ. ಸಿಕ್ಕಿಬಿದ್ದ ಗಳಿಗೆಯಲ್ಲೂ ಅವರಿಗೆ ಬೇಕಾಗಿದ್ದದ್ದು ಅದು ಸರಿಯಿದೆಯೋ ಇಲ್ಲವೋ ಎಂಬುದು. ಒಂದಕ್ಷರ ತಪ್ಪಿರಲಿಲ್ಲ.

ಮಾಸ್ತರ ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿದರು. ಹಣೆಯ ಮೇಲೆ ವಿಭೂತಿ, ನಲವತ್ತೈದರ ಆಸುಪಾಸಿನ ವಯಸ್ಸು. ಬಲಗಿವಿಯಲ್ಲಿ ಓಲೆ ಇತ್ತು, ಎಡಗಿವಿ ಬೋಳು. ಹಲಗೆಗೆ ಕಿವಿ ಒತ್ತುವಾಗ ಓಲೆ ತಾಗಿ ಟಿಕ್ ಅನ್ನುತ್ತದೆ, ಅದು ಒಂದು ಚುಕ್ಕೆಯಾಗಿ ಸೇರಿಕೊಳ್ಳುತ್ತದೆ ಎಂದು ತೆಗೆದಿಟ್ಟಿದ್ದರಂತೆ. ಅವರು ಕಿವಿಯಿಡುವ ಜಾಗದಲ್ಲಿ ಹಲಗೆ ಸವೆದು ನುಣ್ಣಗಾಗಿತ್ತು.

"ಚಳಿಜ್ವರಕ್ಕೆ ಕ್ವಿನೈನು ನುಂಗಿ ನುಂಗಿ ಇವ್ರ ಕಿವಿ ಹೋಗ್ಬಿಡ್ತು. ಹಗಲೂ ರಾತ್ರಿ ಒಳಗೆ ಜೀರುಂಡೆ ಕೂಗ್ತದೆ ಅಂತಾರೆ. ಯಂತ್ರದ ಸದ್ದು ಕೇಳೂದಿಲ್ಲ. ಕಿವಿ ಇಲ್ಲ ಅಂತ ಮೇಲಿನೋರಿಗೆ ಗೊತ್ತಾದ್ರೆ ನಾಳೆನೇ ಕೆಲ್ಸದಿಂದ ತೆಗೀತಾರೆ. ಪಿಂಚಣಿಗೆ ಇನ್ನು ಹನ್ನೊಂದು ತಿಂಗ್ಳು ಇದೆ. ಹನ್ನೊಂದು ತಿಂಗ್ಳು ನಾನು ಕೇಳ್ತೀನಿ" ಎಂದರು. ನಾಳೆ ಅಕ್ಕಿ ನೆನೆಹಾಕುತ್ತೇನೆ ಅನ್ನುವ ಹಾಗೆ ಹೇಳಿದರು. ಕೊನೆಗೆ, "ನೀವು ಬಾಯಿ ಬಿಡ್ಬೇಡಿ. ನಾನು ನಿಮಗೆ ಕಿವಿ ಕಲಿಸ್ತೀನಿ" ಎಂದು ಒಪ್ಪಂದ ಮಾಡಿದರು.

ಇಂಗ್ಲಿಷ್ ಬಾರದ ಹೆಂಗಸು ಇದನ್ನು ಕಲಿತದ್ದು ಹೇಗೆ? ಅವರ ತಂದೆ ಕೂಲಿಮಠದ ಐಗಳು. ಜಗಲಿಯ ಮೇಲೆ ಹುಡುಗರನ್ನು ಕೂರಿಸಿ ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತಿದ್ದರು. ಲಘು, ಗುರು, ಲಘು, ಲಘು. ಹೆಣ್ಣುಮಗಳನ್ನು ಹುಡುಗರ ಸಾಲಿನಲ್ಲಿ ಕೂರಿಸಲಿಲ್ಲ, ಆದರೆ ಒಳಗೆ ಬೀಸುತ್ತಿದ್ದವಳ ಕಿವಿಗೆ ಯಾರು ಅಡ್ಡ ಬರುತ್ತಾರೆ? ಮದುವೆಯಾಗಿ ಈ ಹಲಗೆಯ ಗೋಡೆಯ ಹಿಂದೆ ಬಂದ ಮೇಲೆ, ಯಂತ್ರದ ಬಡಿತ ಅವರಿಗೆ ಒಂದು ದಿನವೂ ಬರೀ ಸದ್ದಾಗಿ ಕೇಳಲಿಲ್ಲವಂತೆ. "ಇದು ನಮ್ಮಪ್ಪ ಹೇಳ್ತಿದ್ದ ಗುರು ಲಘುನೇ ಅಲ್ವಾ ಅನ್ನಿಸ್ತು. ಯಾವ್ದು ಯಾವ ಅಕ್ಷರ ಅಂತ ಇವ್ರನ್ನ ಕೇಳಿ ಬರೆಸ್ಕೊಂಡೆ" ಎಂದರು. ಆಗ ಅದು ಆಟ. ಮಾಸ್ತರ ಕಿವಿ ಹೋದ ಮೇಲೆ ಅದೇ ಅವರ ಅನ್ನವಾಯಿತು.

ಪಾಠ ಮರುದಿನವೇ ಶುರುವಾಯಿತು. ಅವರು ಸೌಟಿನ ಹಿಡಿಯಿಂದ ಹಲಗೆಗೆ ಕುಟ್ಟುತ್ತಿದ್ದರು, ನಾನು ಹೇಳಬೇಕು. ಎರಡನೆಯ ದಿನಕ್ಕೇ "ನೀವು" ಹೋಗಿ "ನೀನು" ಬಂತು.

"ಎಣಿಸ್ಬೇಡ ಮಾರಾಯ! ಎಣಿಸೋನಿಗೆ ಕೇಳೂದಿಲ್ಲ. ನಿಂಗೆ ಯಾರಾದ್ರೂ ಮೆಣಸು ಅಂದ್ರೆ ಮೆ ಒಂದು, ಣ ಎರಡು, ಸು ಮೂರು ಅಂತ ಎಣಿಸ್ತೀಯಾ?"

"ಇಲ್ಲ."

"ಮತ್ತೆ ಮೂರು ಚುಕ್ಕೆ ಬಂದ್ರೆ ಎಂತಕ್ಕೆ ಎಣಿಸ್ತೀಯ? ಅದು ಮೆಣಸು. ಅಷ್ಟೆ."

ಹಾಗೆ ಎಸ್ ಅಕ್ಷರ ಮೆಣಸಾಯಿತು. ಎರಡು ಲಘುವಿನ ಐ ಮಳೆಯಾಯಿತು. ನಾಲ್ಕು ಲಘುವಿನ ಎಚ್ ಬಿಸಿಬಿಸಿ. ಎರಡು ಗುರು ಒಂದು ಲಘುವಿನ ಜಿ ಏಲಕ್ಕಿ. ಎಫ್ ಅಕ್ಷರ ಸಾಕ್ಷಾತ್ ಮಲೆನಾಡು. ಮೂರು ಗೆರೆಯ ಓ ಬಂದಾಗಲೆಲ್ಲ ಅವರು ಕೆನ್ನೆಗೆ ಕೈ ಕೊಟ್ಟು "ಅಯ್ಯಯ್ಯೋ" ಅನ್ನುತ್ತಿದ್ದರು. ಅದು ಗುರು ಗುರು ಗುರು. ಇಪ್ಪತ್ತಾರು ಅಕ್ಷರಕ್ಕೂ ಅವರ ಬಳಿ ಒಂದೊಂದು ಮಾತಿತ್ತು. ನಾನು ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ.

ನನ್ನನ್ನು ಗೋಳುಹೊಯ್ದುಕೊಂಡದ್ದು ಎಮ್ ಮತ್ತು ಎನ್. ಎನ್ ಅಂದರೆ ಗುರು ಲಘು, ಅದು "ಅಮ್ಮ". ಎಮ್ ಅಂದರೆ ಗುರು ಗುರು, ಅದು "ಅಮ್ಮಾ". ನಾನು ಯಾವುದನ್ನು ಕೇಳಿದರೂ ಕೊನೆಯನ್ನು ಎಳೆದುಬಿಡುತ್ತಿದ್ದೆ. "ಹೇಳೋದು ಬೇರೆ, ಕರೆಯೋದು ಬೇರೆ. ನಿಮ್ಮಮ್ಮನ್ನ ನೀನು ಯಾವತ್ತೂ ದೂರದಿಂದ ಕರೆದೇ ಇಲ್ವಾ?" ಎಂದು ಒಂದು ದಿನ ಗದರಿದರು. ಕರೆದಿರಲಿಲ್ಲ. ನಾನು ಹುಟ್ಟಿದ ವರ್ಷವೇ ನಮ್ಮಮ್ಮ ಹೋದಳು ಎಂದೆ. ಅವರು ಸೌಟು ಕೆಳಗಿಟ್ಟರು. "ಹಾಗಾದ್ರೆ ನನ್ನ ಕರಿ. ಹಿತ್ತಿಲಿಗೆ ಹೋಗಿ ನಿಂತು ಕರಿ" ಎಂದರು. ಹೋಗಿ ಕರೆದೆ. ಮೀಸೆ ಬಂದ ಗಂಡಸು ಹಿತ್ತಿಲಲ್ಲಿ ನಿಂತು ಅಮ್ಮಾ ಅಮ್ಮಾ ಎಂದು ಕೂಗುವುದನ್ನು ಕಂಡು ಕಾಫಿ ಒಣಹಾಕುತ್ತಿದ್ದ ಆಳುಗಳು ನಕ್ಕರು. ಅಂದಿನಿಂದ ಎಮ್ ತಪ್ಪಲಿಲ್ಲ.

ಬರೀ ಸದ್ದಿನಿಂದ ಅವರು ಅರ್ಥವನ್ನೂ ಹೆಕ್ಕತೊಡಗಿದ್ದರು. ಮಾಸ್ತರು ತಂತಿಯ ಒಕ್ಕಣೆಯನ್ನು ಹೆಂಡತಿಗೂ ಬಿಡಿಸಿ ಹೇಳುತ್ತಿರಲಿಲ್ಲ. ಗುಟ್ಟು ಕಾಯುವುದು ಇಲಾಖೆಗೆ ಕೊಟ್ಟ ಮಾತು. ಇವರು ತಂತಿ ಹೋದ ಮನೆಯಲ್ಲಿ ಆಮೇಲೆ ಏನಾಯಿತು ಎಂದು ನೋಡಿ ಪದಕ್ಕೆ ಅರ್ಥ ಕಟ್ಟುತ್ತಿದ್ದರು. ಫಾದರ್ ಎಂದು ಬಂದರೆ ಅಪ್ಪನ ಸುದ್ದಿ. ಸ್ಟಾರ್ಟ್ ಎಂದು ಬಂದರೆ ಆ ಮನುಷ್ಯ ಮುಂದಿನ ಬಸ್ಸಿಗೆ ಹೊರಡುತ್ತಾನೆ. ಬಯಲುಸೀಮೆಯಿಂದ ಬರುವ ತಂತಿಗಳಲ್ಲಿ ಇಂಗ್ಲಿಷಿನ ನಡುವೆ ಒಂದೊಂದು ಕನ್ನಡ ಪದವೂ ಇಂಗ್ಲಿಷ್ ಅಕ್ಷರದಲ್ಲಿ ನುಸುಳಿರುತ್ತಿತ್ತು. ಅವು ಬಂದರೆ ಅವರಿಗೆ ಹಬ್ಬ.

ಅನಾಹುತವಾದದ್ದು ಅಲ್ಲಿಯೇ. ಒಂದು ಎಸ್ಟೇಟಿನ ಆಳುಗಳ ಮೇಸ್ತ್ರಿ, ಕಡೂರು ಕಡೆಯವನು, ಅಪ್ಪನಿಗೆ ಹುಷಾರಿಲ್ಲವೆಂದು ಕಾಗದ ಬಂದ ಮೇಲೆ ದಿನಾ ಬಂದು ಕಚೇರಿಯ ಕಟಕಟೆಯ ಮುಂದೆ ನಿಲ್ಲುತ್ತಿದ್ದ. ಆ ದಿನ ಮಾಸ್ತರು ಜ್ವರದಲ್ಲಿ ಮಲಗಿದ್ದರು. "ಈವತ್ತು ನೀನೇ ತಗೋ, ನಾನು ಹಿಂದೆ ಇದೀನಿ" ಎಂದು ಅವರ ಹೆಂಡತಿ ನನ್ನನ್ನು ಯಂತ್ರದ ಮುಂದೆ ಕೂರಿಸಿದ್ದರು. ತಂತಿ ಬಂತು. ಮೇಸ್ತ್ರಿಯ ಹೆಸರು, ಎಸ್ಟೇಟು, ಫಾದರ್, ಇಷ್ಟನ್ನು ಹಿಡಿದೆ. ಆಮೇಲೆ ಮತ್ತೆ ಎಣಿಸತೊಡಗಿದೆ, ಉಳಿದದ್ದು ತಪ್ಪಿಹೋಯಿತು. ಯಂತ್ರ ನಿಂತಿತು.

"ಸಾಮಿ, ನಮ್ಮಪ್ಪುಂದು ಏನಾರ ಬಂತಾ?" ಮೇಸ್ತ್ರಿ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ನನ್ನ ಕಾಗದದಲ್ಲಿ ಅರ್ಧ ಮಾತಿತ್ತು. ಅದನ್ನೇ ತಿರುಗಿ ತಿರುಗಿ ಓದಿದೆ. ಅವನು ಮತ್ತೆ ಕೇಳಿದ. ಮೂರನೆಯ ಸಲ ಕೇಳುವಾಗ ಅವನ ದನಿ ಒಡೆಯಿತು. ಆಗ ಕಿಂಡಿಯಾಚೆಯಿಂದ, ತಡೆಯಲಾರದೆ, "ಅಪ್ಪ ಇಲ್ಲ ಅಂತ ಬಂದಿದೆಯಪ್ಪಾ. ಹೊರಡಬೇಕಂತೆ" ಎಂದು ಅವರು ಹೇಳಿಬಿಟ್ಟರು.

ಅವನು ಅಳಲಿಲ್ಲ. ಎದುರಿಗೇ ಹೊರಡಲು ನಿಂತಿದ್ದ ಬಸ್ಸಿಗೆ ಓಡಿದ. ಬಸ್ಸು ತಿರುವು ದಾಟಿದ ಮೇಲೆ ಸ್ಲೇಟು ಬಂತು. ಫಾದರ್, ಆಮೇಲೆ ಐ, ಎಲ್, ಎಲ್, ಆಮೇಲೆ ಸ್ಟಾರ್ಟ್. ಇಲ್ ಅಂದರೆ ಇಂಗ್ಲಿಷಿನಲ್ಲಿ ಕಾಯಿಲೆ. ಅಪ್ಪನಿಗೆ ಕಾಯಿಲೆ, ಹೊರಟು ಬಾ. ಅವರು ಅದನ್ನು ನಮ್ಮ "ಇಲ್ಲ" ಎಂದು ಓದಿಕೊಂಡಿದ್ದರು. "ಕೊನೇ ಅಕ್ಷರ ನುಂಗಿದ್ದಾರೆ ಅಂದ್ಕೊಂಡೆ" ಎಂದರು, ನಾನು ಹೇಳಿದ ಮೇಲೆ. ಅಲ್ಲೇ ಕುಸಿದು ಕೂತರು. "ಬದುಕಿರೋ ಮನುಷ್ಯನ್ನ ಕೊಂದೆನಲ್ಲ ಮಾರಾಯ." ಆ ದಿನ ಅವರು ಏನೂ ತಿನ್ನಲಿಲ್ಲ. ತಪ್ಪು ನನ್ನದು ಎಂದು ನಾನು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದರು. ನಾನು ಸರಿಯಾಗಿ ಕೇಳಿದ್ದರೆ ಅವರು ಮಾತಾಡಬೇಕಾಗಿಯೇ ಇರಲಿಲ್ಲ.

ಮೇಸ್ತ್ರಿ ದಾರಿಯಲ್ಲೇ ತಲೆ ಮೀಸೆ ಬೋಳಿಸಿಕೊಂಡು ಮನೆಗೆ ಹೋದನಂತೆ. ಅಪ್ಪ ಕಂಬಳಿ ಹೊದ್ದು ಗಂಜಿ ಕುಡಿಯುತ್ತಿದ್ದ. "ಎಲಾ ಮಗನೇ, ನಾನಿನ್ನೂ ಉಂಡು ಕೈ ತೊಳ್ದಿಲ್ಲ" ಅಂದನಂತೆ. ಮುದುಕ ಉಳಿದುಕೊಂಡ. ಊರೆಲ್ಲ ನಕ್ಕಿತು, ಆದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ನಗಲಿಲ್ಲ. ಕಟ್ಟುನಿಟ್ಟಿನ ಮನುಷ್ಯ. ತಂತಿಯನ್ನು ತಪ್ಪಾಗಿ ಹೇಳಿದರು, ಹೇಳಿದ್ದು ಗೋಡೆಯ ಹಿಂದಿನ ಹೆಂಗಸಿನ ದನಿ ಎಂದು ಮೇಲಕ್ಕೆ ಅರ್ಜಿ ಬರೆದ. ಮೂರು ವಾರದಲ್ಲಿ ಇನ್‌ಸ್ಪೆಕ್ಟರು ಬಂದು ಖುದ್ದು ವಿಚಾರಣೆ ಮಾಡಿ, ಮಾಸ್ತರಿಗೂ ನನಗೂ ಯಂತ್ರದ ಪರೀಕ್ಷೆ ಇಡುತ್ತಾರೆಂದು ಕಚೇರಿಗೆ ಕಾಗದ ಬಂತು.

ಮಾಸ್ತರು ಆ ಕಾಗದವನ್ನು ಹಿಡಿದುಕೊಂಡೇ ಕೂತಿದ್ದರು. ಅವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಪರೀಕ್ಷೆ ಪಾಸಾದವನು ಒಬ್ಬ ಕಚೇರೀಲಿ ಇದ್ರೆ ಮಾಸ್ತರು ಯಂತ್ರ ಮುಟ್ಟಬೇಕಂತ ಇಲ್ವಲ್ಲ?" ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಆ ಇನ್‌ಸ್ಪೆಕ್ಟರು ಇವ್ರ ಕಡೆ ತಿರುಗೋದ್ರೊಳಗೆ ನೀನು ಪಾಸಾಗಿರ್ಬೇಕು."

ಆ ಮೂರು ವಾರ ನನ್ನ ಪಾಲಿಗೆ ತಪಸ್ಸು. ಬೆಳಿಗ್ಗೆ ಸೌಟು, ಮಧ್ಯಾಹ್ನ ಯಂತ್ರ, ಸಂಜೆ ಮತ್ತೆ ಸೌಟು. ಒಲೆ ಉರಿಯುತ್ತಿದ್ದರೂ ಕುಟ್ಟುತ್ತಿದ್ದರು, ಒಗ್ಗರಣೆ ಚಟಗುಟ್ಟುವಾಗಲೇ ಬೇಕೆಂದು ಕುಟ್ಟುತ್ತಿದ್ದರು. "ಇನ್‌ಸ್ಪೆಕ್ಟರು ಕೆಮ್ಮಬಹುದು, ಹೊರಗೆ ನಾಯಿ ಬೊಗಳಬಹುದು. ಎಲ್ಲ ಕೇಳ್ಲಿ, ಅದ್ರಲ್ಲಿ ಇದನ್ನ ಕೇಳು." ನಾನು ಸೋತು ಕೂತರೆ ಬೈಯುತ್ತಿರಲಿಲ್ಲ, ಮೊದಲಿನಿಂದ ಶುರು ಮಾಡುತ್ತಿದ್ದರು. ಅದು ಬೈಗುಳಕ್ಕಿಂತ ಕಷ್ಟ. ಪ್ರತಿಯಾಗಿ ಒಂದೇ ಒಂದು ಕೇಳಿದರು. "ದಿನಕ್ಕೆ ಐದು ಪದಕ್ಕೆ ಅರ್ಥ ಹೇಳು. ಅರ್ಥ ಗೊತ್ತಿಲ್ದೆ ಇನ್ನು ಬಾಯಿ ಬಿಡೂದಿಲ್ಲ." ಮೊದಲ ದಿನ ಅವರೇ ಆರಿಸಿದ್ದು ಕಾಯಿಲೆ, ಸಾವು, ಹೆರಿಗೆ, ಗುಣ, ಬದುಕಿದ್ದಾರೆ ಎಂಬ ಐದು.

ಇನ್‌ಸ್ಪೆಕ್ಟರು ಬರುವ ದಿನ ಅವರು ಬಟ್ಟೆಯ ಗಂಟು ಹೊತ್ತು ಹಳ್ಳದ ಕಡೆ ಹೊರಟರು. ನಾನು ಬಾಗಿಲವರೆಗೆ ಹಿಂದೆಯೇ ಓಡಿದೆ. "ನಾನು ಮನೇಲಿದ್ರೆ ನಿನ್ನ ಕಿವಿ ಯಂತ್ರ ಬಿಟ್ಟು ನನ್ನ ಕಡೆ ತಿರುಗ್ತದೆ. ನಾನಿಲ್ಲ ಅಂತ ನಿಂಗೆ ಗೊತ್ತಿರ್ಬೇಕು" ಎಂದು ಹೇಳಿ ತಿರುಗಿ ನೋಡದೆ ಹೋದರು.

ಇನ್‌ಸ್ಪೆಕ್ಟರು ಕುರ್ಚಿಯನ್ನು ಕಿಂಡಿಗೆ ಒತ್ತಿ ಹಾಕಿಸಿಕೊಂಡು ಕೂತರು. ಮೊದಲು ನನ್ನ ಸರದಿ ಇರಲಿ ಎಂದು ನಾನೇ ಕೇಳಿಕೊಂಡೆ. ಚಿಕ್ಕಮಗಳೂರಿನಿಂದ ಪರೀಕ್ಷೆಯ ಸಾಲುಗಳು ಬರತೊಡಗಿದವು. ಬಡಿತ ಬಂತು, ಮೆಣಸು ಬಂತು, ಮಳೆ ಬಂತು, ಅಯ್ಯಯ್ಯೋ ಬಂತು. ಎಷ್ಟೋ ಹೊತ್ತಿನ ಮೇಲೆ ಮಾತುಗಳೂ ಹೋಗಿ ಬರೀ ಅಕ್ಷರ ಬರತೊಡಗಿತು. ನನ್ನ ಕೈ ಬರೆಯುತ್ತಿತ್ತು, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ ಅನ್ನಿಸಿತು. ಕಾಗದವನ್ನು ತಾಳೆ ನೋಡಿ ಇನ್‌ಸ್ಪೆಕ್ಟರು, "ಎರಡು ಸಲ ಫೇಲಾದವರು ನೀವೇನಾ?" ಎಂದರು.

ಆಮೇಲೆ ಮಾಸ್ತರ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಆ ಹೆಂಗಸಿನ ದನಿ ಯಾರದ್ದು ಮಾಸ್ತರೇ?" ಎಂದು ಕೇಳಿದರು. ಮಾಸ್ತರು ತಮ್ಮ ಎಂದಿನ ನಗು ನಕ್ಕು, "ಆಗಲಿ ಸ್ವಾಮಿ, ಈಗಲೇ ಕಾಫಿ ಮಾಡಿಸ್ತೀನಿ" ಎಂದರು. ಇನ್‌ಸ್ಪೆಕ್ಟರು ಅವರನ್ನು ಬಹಳ ಹೊತ್ತು ನೋಡಿದರು. ಇನ್‌ಸ್ಪೆಕ್ಟರಿಗೂ ಈ ಘಟ್ಟದಲ್ಲಿ ಜ್ವರ ಬಂದು ಕ್ವಿನೈನು ನುಂಗಿದ್ದ ನೆನಪಿತ್ತೋ ಏನೋ, ಮತ್ತೆ ಕೇಳಲಿಲ್ಲ. ಇನ್ನು ಮುಂದೆ ಯಂತ್ರ ನನ್ನ ಜವಾಬ್ದಾರಿ, ಮಾಸ್ತರು ಟಪಾಲು ನೋಡಿಕೊಳ್ಳತಕ್ಕದ್ದು, ಕಿಂಡಿಯನ್ನು ಹಲಗೆ ಹೊಡೆದು ಮುಚ್ಚತಕ್ಕದ್ದು, ಮತ್ತೊಮ್ಮೆ ದೂರು ಬಂದರೆ ಮಾಸ್ತರನ್ನು ಕೆಲಸದಿಂದ ತೆಗೆಯಲಾಗುವುದು ಎಂದು ಬರೆದಿಟ್ಟು ಹೋದರು.

ಕಿಂಡಿಗೆ ಮೊಳೆ ಹೊಡೆದವನು ನಾನೇ. "ಗಟ್ಟಿ ಹೊಡಿ ಮಾರಾಯ, ಅರ್ಧಂಬರ್ಧ ಬೇಡ" ಎಂದು ಒಳಗಿನಿಂದ ಹೇಳುತ್ತಿದ್ದರು. ಗೆದ್ದಿದ್ದೆವು, ಆದರೆ ಅವರಿಂದ ಆ ಬಡಿತವನ್ನು ಕಿತ್ತುಕೊಂಡವನು ನಾನೇ ಅಲ್ಲವೆ? "ಇನ್ನು ಮೇಲೆ ಕೇಳಿಸ್ಕೊಳ್ಳೋದಿಲ್ವಾ ಅಮ್ಮ?" ಎಂದೆ. "ಕೇಳದೇ ಇರೋದು ಹೆಂಗೆ ಅಂತ ನಿಮ್ಮ ಪುಸ್ತಕದಲ್ಲಿ ಬರ್ದಿದಾರಾ?" ಎಂದರು. ಆಮೇಲಿನ ತಿಂಗಳುಗಳಲ್ಲಿ ಊರಿನ ಪ್ರತಿಯೊಂದು ಸಾವು, ಹುಟ್ಟು ಹಲಗೆಯಾಚೆ ಅವರಿಗೆ ಮೊದಲು ತಿಳಿಯುತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ.

ಮಾಸ್ತರ ನಿವೃತ್ತಿಗೆ ಮೂರು ವಾರ ಉಳಿದಿತ್ತು. ಸಂತೆಯ ದಿನ, ಕಚೇರಿಯ ಮುಂದೆ ಜನ. ಮೇಸ್ತ್ರಿಯ ಹೆಸರಿಗೆ ಕಡೂರಿನಿಂದ ತಂತಿ ಬಂತು. ಈ ಸಲ ಮುದುಕ ನಿಜವಾಗಿಯೂ ಹೋಗಿದ್ದ. ಪೂರ್ತಿ ನಾನೇ ತೆಗೆದುಕೊಂಡು, ಬರೆದು, ಅಲ್ಲೇ ಸಂತೆಗೆ ಬಂದಿದ್ದ ಮೇಸ್ತ್ರಿಯನ್ನು ಕರೆದು ಹೇಳಿದೆ. ಅವನು ಕಾಗದವನ್ನು ಮುಟ್ಟಲಿಲ್ಲ.

"ವಾದ್ಸಲನೂ ಈ ಮನೇಲೇ ಇಂಗೇ ಏಳಿದ್ರಿ. ನಾನು ನಂಬಾಕಿಲ್ಲ. ಆ ಅಮ್ಮಾರು ಏಳ್ಲಿ. ಆವತ್ತು ನಾನು ಕೇಳ್ದಾಗ ಬಾಯಿ ಬಿಟ್ಟೋರು ಅವರೊಬ್ರೇಯ."

ಒಳಗೆ ಯಾರೂ ಇಲ್ಲ, ಸುಮ್ಮನೆ ಹೋಗು ಎಂದೆ. ಎಸ್ಟೇಟಿನ ರೈಟರು ಎರಡು ಮಾರು ದೂರದಲ್ಲಿ ನಿಂತಿದ್ದ. ಮಾಸ್ತರಿಗೆ ಏನೂ ಕೇಳದಿದ್ದರೂ ನನ್ನ ಮುಖ ನೋಡಿ ಎಲ್ಲ ಅರ್ಥವಾಗಿತ್ತು. ಮೇಸ್ತ್ರಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಸ್ಸಿನವನು ಹಾರ್ನು ಒತ್ತುತ್ತಿದ್ದ. ಈ ಬಸ್ಸು ತಪ್ಪಿದರೆ ಅವನಿಗೆ ಅಪ್ಪನ ಮುಖ ಸಿಗುತ್ತಿರಲಿಲ್ಲ.

ಮನೆಯ ಬಾಗಿಲು ತೆರೆದ ಸದ್ದಾಯಿತು. ಅವರು ಮಗ್ಗುಲಿನಿಂದ ಸುತ್ತಿ ಬಂದು, ಅಷ್ಟೂ ಜನರ ನಡುವೆ ನಡೆದು, ಮೇಸ್ತ್ರಿಯ ಮುಂದೆ ನಿಂತರು. ಎಡಗಿವಿ ಬೋಳಾಗಿಯೇ ಇತ್ತು. "ನಿಮ್ಮಪ್ಪ ತೀರ್ಕೊಂಡ್ರು ಕಣಪ್ಪ. ನಾನೇ ಕಿವಿಯಾರೆ ಕೇಳ್ದೆ. ಈ ಸಲ ಅರ್ಥನೂ ನಂಗೆ ಗೊತ್ತು. ಏಳು, ಹೊರಡು" ಎಂದರು. ಅವನು ಅವರ ಕಾಲು ಮುಟ್ಟಿ, ಬಸ್ಸು ಹತ್ತಿದ.

ಬಸ್ಸು ಹೋದ ಮೇಲೆ ಎಲ್ಲರೂ ರೈಟರ ಕಡೆ ನೋಡಿದರು. ಅವನು ಜೇಬಿನಲ್ಲಿದ್ದ ಪೆನ್ನನ್ನು ಒಮ್ಮೆ ಮುಟ್ಟಿಕೊಂಡ. ಆಮೇಲೆ ಅವರಿಗೆ ಕೈ ಮುಗಿದು, ಸಂತೆಯೊಳಗೆ ಹೋದ. ಮೂರು ವಾರ ನಾನು ಪ್ರತಿದಿನದ ಟಪಾಲು ಚೀಲವನ್ನು ಎದೆ ಹಿಡಿದುಕೊಂಡು ಬಿಚ್ಚಿದೆ. ಮಾಸ್ತರ ಪಿಂಚಣಿಯ ಕಾಗದ ಬಿಟ್ಟು ಮೇಲಿನಿಂದ ಬೇರಾವ ಕಾಗದವೂ ಬರಲಿಲ್ಲ. ಆ ಸಂತೆಯಲ್ಲಿ ನಿಂತು ಅವರ ಮಾತು ಕೇಳಿದವರಲ್ಲಿ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.